ವಿನೋದವೂ ವ್ಯಸನವೂ

ಅಮೆರಿಕದ ನೆವಾಡಾ ರಾಜ್ಯದ ಜೂಜುಕಟ್ಟೆಗಳಲ್ಲಿ ‘ಕೀನೊ’ ಎಂಬ ಆಟವುಂಟು. 80 ಅಂಕಿಗಳಲ್ಲಿ 20ನ್ನು ಎತ್ತುತ್ತಾರೆ. ಒಂದೇ ಅಂಕಿಯನ್ನು ಆರಿಸಿದವನಿಗೆ ಗೆಲುವಿನ ಸಂಭವ ನಾಲ್ಕರಲ್ಲೊಂದು. ಗೆದ್ದರೆ ದೊರೆಯುವುದು ಸಾಮಾನ್ಯವಾಗಿ ಪಣದ ಮೂರರಷ್ಟು. ಅಂದರೆ ಹೂಡಿದ ಪ್ರತಿ 4 ಡಾಲರಿನಲ್ಲಿ ಸರಾಸರಿ 1 ಡಾಲರು ಕಟ್ಟೆಯವರ ಪಾಲು. ಹತ್ತು ಅಂಕಿ ಆರಿಸಿ ಹತ್ತೂ ಕೂಡಿಬರುವ ಸಂಭವವೋ, ಸುಮಾರು 89 ಲಕ್ಷದಲ್ಲೊಂದು! ಇದನ್ನರಿತೂ ವಿನೋದಕ್ಕಾಗಿ ಆಡುವವನು ಮೂಢನೇ? ಅಧರ್ಮಿಯೇ?

ನಾಟಕ ನೋಡಿ ಬಂದವನು ಟಿಕೆಟಿನ ಹಣವನ್ನು ನಷ್ಟವೆಂದು ಬರೆದಿಡುವುದಿಲ್ಲ. ಅದು ಸಂತೋಷಕ್ಕೆ ತೆತ್ತ ಬೆಲೆ. ನಮ್ಮಲ್ಲಿಯೂ ಬಲಿಪಾಡ್ಯಮಿಯಂದು ದ್ಯೂತವಾಡುವ ಸಂಪ್ರದಾಯವುಂಟು. ಆದರೆ ಋಗ್ವೇದದ ಅಕ್ಷಸೂಕ್ತವು ಜೂಜುಗಾರನ ಮಡದಿ ಪಡುವ ಸಂಕಟವನ್ನೂ ಅವನ ಪರಿತಾಪವನ್ನೂ ಚಿತ್ರಿಸುತ್ತದೆ. ಇವೆರಡರ ನಡುವಣ ಗೆರೆ ಯಾವುದು?

ಕುರುಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆಯಲ್ಲಿ ಉತ್ತರವಿದೆ. ತನ್ನನ್ನೇ ಸೋತವನಿಗೆ ಮಡದಿಯನ್ನು ಪಣವಿಡುವ ಅಧಿಕಾರವೆಲ್ಲಿಯದು? ಮಗುವಿನ ಹಾಲಿಗೆಂದು ತೆಗೆದಿರಿಸಿದ ಹಣವೂ ಆಡುವವನ ಸ್ವತ್ತಲ್ಲ. ಇನ್ನು, ಎಲ್ಲವೂ ಮರಳಿ ದೊರೆತ ಮೇಲೂ ಧರ್ಮರಾಯನು ಎರಡನೆಯ ಕರೆಗೆ ಓಗೊಟ್ಟು ವನವಾಸಕ್ಕೆ ನಡೆದನು. ಏಳಬೇಕಾದಾಗ ಏಳಲಾರದವನಿಗೆ ವಿನೋದವೇ ವ್ಯಸನವಾಗುತ್ತದೆ. ತನ್ನದನ್ನಷ್ಟೇ ಪಣವಿಟ್ಟು, ಸೋತು, ನಗುತ್ತ ಎದ್ದುಬರಬಲ್ಲವನಿಗೆ ಮಾತ್ರ ಆಟವು ಆಟವಾಗಿ ಉಳಿದೀತು. ಜಗನ್ಮಾತೆಯು ಆ ವಿವೇಕವನ್ನು ಎಲ್ಲರಿಗೂ ಕರುಣಿಸಲಿ.