ಅಂಗ ಮತ್ತು ಅಂಗಿ

ಅಂಗಗಳುಳ್ಳವನು ಅಂಗಿ, ಇದು ನಾವು ತೊಡುವ ಅಂಗಿಯಲ್ಲವೆಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡುವುದು ಲೇಸು. ಅಂಗವಿರುವುದು ಅಂಗಿಗಾಗಿ ಎಂಬುದು ಮೀಮಾಂಸಕರ ಮತ. ಹಾಗಾದರೆ ಕಾಲನ್ನುಳಿಸಹೊರಟು ಕಾಲುಳ್ಳವನನ್ನು ಬಳಲಿಸುವುದು ಧರ್ಮವೆ?

ಕಲಂಗುಟ್ಟಿಗೆ ಕಟ್ಟಡದ ಕೆಲಸಕ್ಕೆಂದು ಗದಗ, ಕೊಪ್ಪಳ, ವಿಜಯಪುರಗಳ ಕಡೆಯಿಂದ ಬಂದಿರುವ ನಮ್ಮವರಲ್ಲಿ ಒಬ್ಬನನ್ನು ಊಹಿಸಿಕೊಳ್ಳೋಣ. ಲಾರಿಯ ಗಾಲಿಗೆ ಸಿಕ್ಕಿ ಅವನ ಮೊಣಕಾಲಿನ ಕೆಳಗೆ ಎಲುಬು ಜಜ್ಜಿಹೋಗಿದೆ. ರಕ್ತಸಂಚಾರ ನಿಂತ ಕಾಲು ಸುಮಾರು 6 ಗಂಟೆಗಳ ಮೇಲೆ ಉಳಿಯುವುದು ಕಷ್ಟ. ಅಷ್ಟರೊಳಗೆ ಅವನನ್ನು ಮಾಂಡವಿಯಾಚೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಮುಟ್ಟಿಸಿದರೆಂದೇ ಇಟ್ಟುಕೊಳ್ಳೋಣ. ಹಿಂದೆ ಇಂಥ ಕಾಲಿಗೆ ಗರಗಸವೇ ಗತಿಯಾಗಿತ್ತು. ಇಂದು ಹರಿದ ರಕ್ತನಾಳವನ್ನು ಹೊಲಿಯಬಲ್ಲರು. ಮೈಯ ಬೇರೊಂದೆಡೆಯಿಂದ ಮಾಂಸಚರ್ಮಗಳನ್ನು ತಂದು ಗಾಯವನ್ನು ಮುಚ್ಚಬಲ್ಲರು. ಸೈಬೀರಿಯದ ಕುರ್ಗಾನಿನಲ್ಲಿ ಇಲಿಜಾರೋವ್ ಎಂಬ ವೈದ್ಯರು ರೂಪಿಸಿದ ಲೋಹದ ಬಳೆಗಳನ್ನು ತೊಡಿಸಿ, ಎಲುಬನ್ನು ದಿನಕ್ಕೆ 1 ಮಿಲಿಮೀಟರಿನಂತೆ ಸರಿಸುತ್ತ, ಹಿಂದುಳಿದ ತೆರವಿನಲ್ಲಿ ಹೊಸ ಎಲುಬನ್ನೇ ಬೆಳೆಸಬಲ್ಲರು. ಲೆಕ್ಕ ಹಾಕಿರಿ: 8 ಸೆಂಟಿಮೀಟರಿಗೆ 80 ದಿನ, ಅದು ಗಟ್ಟಿಗೊಳ್ಳಲು ಇನ್ನೂ ಹೆಚ್ಚು ದಿನ. ಅಷ್ಟು ಕಾಲವೂ ಕೂಲಿಯಿಲ್ಲ.

ಕಾಲುಳಿದರೆ ಗೆದ್ದಂತೆಯೇ ಎಂದು ಲೋಕ ನಂಬುತ್ತದೆ. ಅಮೆರಿಕದಲ್ಲಿ ಇಂಥ ಗಾಯದ 569 ಮಂದಿಯ ಬಗೆಗೆ 2002ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯೇ ಹೇಳಿತು. 2 ವರ್ಷಗಳ ಬಳಿಕ ಕಾಲುಳಿಸಿಕೊಂಡವರ ಸ್ಥಿತಿಯೂ ಕಳೆದುಕೊಂಡವರ ಸ್ಥಿತಿಯೂ ಹೆಚ್ಚುಕಡಮೆ ಒಂದೇ. ಎರಡೂ ಕಡೆ ಅರ್ಧದಷ್ಟು ಮಂದಿಯಷ್ಟೇ ದುಡಿಮೆಗೆ ಮರಳಿದ್ದರು. ಮತ್ತೆ ಆಸ್ಪತ್ರೆ ಸೇರಬೇಕಾಗಿ ಬಂದವರು ಮಾತ್ರ ಕಾಲುಳಿದವರಲ್ಲೇ ಹೆಚ್ಚು. ಇತ್ತ, 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ. ಕೆ. ಸೇಥಿಯವರಿಂದ ರೂಪುಗೊಂಡ ಜೈಪುರದ ಪಾದವನ್ನು ತೊಟ್ಟವನು ಬರಿಗಾಲವನಂತೆ ಕೆಸರಿಗಿಳಿಯಬಲ್ಲ, ಕುಕ್ಕರಗಾಲಲ್ಲಿ ಕೂರಬಲ್ಲ.

ಆದುದರಿಂದ ಕತ್ತರಿಸುವುದೇ ಮೇಲೆಂದು ನಾವು ಹೇಳುತ್ತಿಲ್ಲ. ಅರಿವುಳ್ಳ ತನ್ನ ಪಾದದಿಂದ ನೆಲ ಮುಟ್ಟುವ ಸುಖಕ್ಕೆ ಬೆಲೆ ಕಟ್ಟುವವರಾರು? ತೀರ್ಮಾನ ಅಂಗಿಯದೇ ಆಗಲೆಂಬುದು ನಮ್ಮ ನಿಲುವು. ಆದರೆ ಇಲ್ಲಿಯೇ ತೊಡಕು. ಮನೆಯಲ್ಲಿ ಒಲೆ ಉರಿಯಬೇಕೆಂಬ ಅವಸರದಿಂದ "ಕಡಿದುಬಿಡಿರಿ ಸಾಹೇಬರೆ, ಬೇಗ ಕೆಲಸಕ್ಕೆ ಹೋಗಬೇಕು" ಎನ್ನುವವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಬಹುದೆ? ಅದು ಅವನ ಬಡತನವಾಡಿದ ಮಾತೇ ಹೊರತು ಅವನದಲ್ಲ. ಚಿಕಿತ್ಸೆಯ ದಿನಗಳ ಅನ್ನವನ್ನು ಬೇರೆ ಯಾರಾದರೂ ಹೊತ್ತುಕೊಂಡ ಮೇಲೆ ಅದೇ ಪ್ರಶ್ನೆಯನ್ನು ಕೇಳಿದರೆ ಅವನು ಏನೆನ್ನುವನೋ, ಅದೇ ಅವನ ಉತ್ತರ.

ಅದಕ್ಕೂ ಮೊದಲು, ಹೆಬ್ಬೆಟ್ಟು ಒತ್ತಬೇಕಾದ ಆ ಕಾಗದದಲ್ಲಿ ಏನಿದೆಯೆಂದು ಅವನಿಗೆ ಕನ್ನಡದಲ್ಲಿ ಓದಿ ಹೇಳುವವರೊಬ್ಬರು ಮಂಚದ ಬಳಿ ಇರಬೇಕಷ್ಟೆ.