ನಮ್ಮ ಹತ್ತಿರ ಹೇಳಿದ ಗುಟ್ಟು ಯಾರದು?

ವಾಕ್ಯಭಾಗ: 1 ಸಮುವೇಲ, 1ರಿಂದ 3ನೇ ಅಧ್ಯಾಯ

ಕೂತ್ಕೊಳ್ಳಿ. ಇವತ್ತಿನ ವಾಕ್ಯ ಹೆಚ್ಚಾಗಿ ಯೂತ್ ಸೇವೆಯಲ್ಲಿರೋ ನಿಮಗೇ. ವಾರವಿಡೀ ಆಫೀಸು, ಕಾಲೇಜು ಮುಗಿಸಿ, ಶನಿವಾರ ಸಂಜೆ ಹೈಸ್ಕೂಲ್, ಪಿಯುಸಿ ಮಕ್ಕಳ ಜೊತೆ ಕೂರುವ ಅಣ್ಣಂದಿರಿಗೆ, ಅಕ್ಕಂದಿರಿಗೆ. ತಂದೆತಾಯಿಗಳು ಇದ್ದೀರಿ, ನೀವೂ ಕೇಳಿಸಿಕೊಳ್ಳಿ, ನಿಮ್ಮ ಕಡೆಗೂ ಬರ್ತೀನಿ.

ಒಂದು ಪ್ರಶ್ನೆ ಕೇಳ್ತೀನಿ. ಹದಿನೈದು ವರ್ಷದ ಹುಡುಗಿ ಮೀಟಿಂಗ್ ಮುಗಿದ ಮೇಲೆ ಚೇರು ಜೋಡಿಸೋ ನೆಪದಲ್ಲಿ ಹಿಂದೆ ಉಳಿದುಕೊಂಡು, "ಅಕ್ಕಾ, ಒಂದು ವಿಷಯ ಹೇಳ್ಬೇಕು. ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ" ಅಂತಾಳೆ. ಪ್ರಾಮಿಸ್ ಮಾಡ್ತೀರಾ?

ಯೂತ್ ಸೇವೆ ಅಂದರೆ ನಾವು ಸಾಮಾನ್ಯವಾಗಿ ಮಾತಾಡೋದು ಫೋನು, ರೀಲ್ಸು, ಸಿನಿಮಾ, ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಪಬ್ಬು. ಆ ಪ್ರಸಂಗ ನೀವು ಬೇಕಾದಷ್ಟು ಕೇಳಿದ್ದೀರಿ, ನಾನು ಇವತ್ತು ಅದನ್ನ ಮಾಡಲ್ಲ. ಈ ಕಾಲದ ಮಕ್ಕಳಿಗೆ ಕೇಳೋಕೆ ಸಾವಿರ ದನಿಗಳಿವೆ. ಹೇಳಿಕೊಳ್ಳೋಕೆ ಒಂದು ಕಿವಿ ಇಲ್ಲ. ಹಾಗಾಗಿ ಅವರು ಬಾಯಿ ಬಿಟ್ಟಾಗ ಆ ಮಾತನ್ನ ನಾವು ಏನು ಮಾಡ್ತೀವಿ ಅನ್ನೋದರಲ್ಲೇ ನಮ್ಮ ಸೇವೆ ನಿಲ್ಲುತ್ತೆ ಅಥವಾ ಬೀಳುತ್ತೆ.

ನಮ್ಮ ಪೆಂತೆಕೊಸ್ತ ಚರಿತ್ರೆಯಿಂದ ಒಂದು ವಿಷಯ ಹೇಳ್ತೀನಿ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ತಮ್ಮವರ ವಿರೋಧ ಕಟ್ಟಿಕೊಂಡವರು. ರಮಾಬಾಯಿ ಮುಂದೆ ಕ್ರಿಸ್ತನನ್ನು ಅಂಗೀಕರಿಸಿ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳು, ಚಿಕ್ಕ ವಯಸ್ಸಿನ ವಿಧವೆಯರು ಅಲ್ಲಿ ಸೇರಿದರು. 1905ರಲ್ಲಿ, ಅಂದರೆ ಅಮೆರಿಕದ ಅಜುಸಾ ಸ್ಟ್ರೀಟ್ ಉಜ್ಜೀವನಕ್ಕೆ ಒಂದು ವರ್ಷ ಮೊದಲೇ, ಆ ಹಾಸ್ಟೆಲಿನ ಹುಡುಗಿಯರ ಮಧ್ಯೆ ಉಜ್ಜೀವನ ಶುರುವಾಯಿತು. ಹಲ್ಲೆಲೂಯ! ದೊಡ್ಡ ದೊಡ್ಡ ಬೋಧಕರ ಮಧ್ಯೆ ಅಲ್ಲ, ಹುಡುಗಿಯರ ಮಧ್ಯೆ.

ಅಲ್ಲಿ ಸೇವೆ ಮಾಡುತ್ತಿದ್ದ ಮಿನ್ನಿ ಎಬ್ರಾಮ್ಸ್ ಅದರ ಒಂದು ಸಾಕ್ಷಿ ಬರೆದಿಟ್ಟಿದ್ದಾರೆ. ಜೂನ್ ತಿಂಗಳ ಕೊನೆ, ಬೆಳಗಿನ ಜಾವ. ಒಬ್ಬ ಹುಡುಗಿಯ ಮೇಲೆ ಬೆಂಕಿ ಇಳಿಯಿತು. ಪಕ್ಕದಲ್ಲಿ ಮಲಗಿದ್ದವಳು ಎಚ್ಚೆತ್ತು ನೋಡುತ್ತಾಳೆ, ಗೆಳತಿಯ ಸುತ್ತ ಬೆಂಕಿ! ಓಡಿಹೋಗಿ ಬಕೆಟ್ಟಿನಲ್ಲಿ ನೀರು ತಂದು, ಇನ್ನೇನು ಸುರಿಯಬೇಕು, ಆಗ ಗೊತ್ತಾಯಿತು, ಇವಳು ಸುಡುತ್ತಿಲ್ಲ. ನೀರು ಸುರಿಯಲಿಲ್ಲ.

ಆ ಬಕೆಟ್ ಹಿಡಿದ ಹುಡುಗಿಯ ಬಗ್ಗೆ ನಾನು ತುಂಬಾ ಯೋಚಿಸಿದ್ದೀನಿ. ಅವಳು ಮಾಡಿದ್ದು ತಪ್ಪಾ? ಅಲ್ಲ. ಬೆಂಕಿ ಕಂಡರೆ ನೀರಿಗೆ ಓಡೋದೇ ಪ್ರೀತಿ. ಆದರೆ ಸುರಿಯೋ ಮೊದಲು ಒಂದು ಕ್ಷಣ ನಿಂತು ನೋಡಿದಳಲ್ಲ, ಯೂತ್ ಲೀಡರ್ ಕೆಲಸ ಇರೋದು ಅಲ್ಲಿ. ಮಗು ಬಂದು ಏನೋ ಹೇಳುತ್ತೆ. ಇದು ನೀರು ಬೇಕಾದ ಬೆಂಕಿಯಾ, ಬೇಡದ ಬೆಂಕಿಯಾ?

ಈಗ ವಾಕ್ಯಕ್ಕೆ ಬನ್ನಿ. ಶೀಲೋವಿನಲ್ಲಿ ಏಲಿ ಅಂತ ಒಬ್ಬ ಯಾಜಕ. ಮೊದಲನೇ ಅಧ್ಯಾಯದಲ್ಲಿ ಹನ್ನ ಅಳುತ್ತಾ ಪ್ರಾರ್ಥನೆ ಮಾಡ್ತಾ ಇದ್ದಾಳೆ. ತುಟಿ ಅಲುಗಾಡುತ್ತೆ, ಶಬ್ದ ಇಲ್ಲ. ಏಲಿ ನೋಡಿದ. ಕುಡಿದಿದ್ದಾಳೆ ಅಂದುಕೊಂಡ. ಬಾಯಿಗೆ ಬಂದಂತೆ ಗದರಿದ. ಬಕೆಟ್ ಸುರಿದೇಬಿಟ್ಟ! ಪೆಂತೆಕೊಸ್ತ ದಿನದಲ್ಲಿ ಶಿಷ್ಯರನ್ನು ನೋಡಿದ ಜನರೂ ಅದನ್ನೇ ಅಂದರು, ಕುಡಿದಿದ್ದಾರೆ ಅಂತ. ಹನ್ನ ವಿವರಿಸಿ ಹೇಳಿದ ಮೇಲೆ ಏಲಿ ಅವಳನ್ನು ಆಶೀರ್ವದಿಸಿ ಕಳಿಸಿದ, ಅದು ಅವನ ದೊಡ್ಡತನ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಹನ್ನಳ ಹಾಗೆ ನಿಂತು ವಿವರಿಸೋ ಧೈರ್ಯ ಇದೆ? ಒಂದು ಸಲ ಗದರಿದರೆ ಮುಂದಿನ ವಾರ ಬರೋದೇ ಇಲ್ಲ. "ಟ್ಯೂಷನ್ ಇದೆ ಅಣ್ಣ" ಅಂತ ಒಂದು ಮೆಸೇಜ್ ಬರುತ್ತೆ, ಅಷ್ಟೇ.

ನಮ್ಮ ಹತ್ತಿರ ಬರೋ ಗುಟ್ಟುಗಳಲ್ಲಿ ಬಹುಪಾಲು ಹನ್ನಳ ಥರದವು. ಒಬ್ಬ ಹುಡುಗ ಇಷ್ಟ ಆಗಿದ್ದಾನೆ. ಮ್ಯಾಥ್ಸ್‌ನಲ್ಲಿ ಫೇಲ್ ಆಗಿದ್ದೀನಿ, ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟಿದ್ದೀನಿ. ನೋಡಬಾರದ್ದನ್ನು ಫೋನಿನಲ್ಲಿ ನೋಡ್ತಾ ಇದ್ದೀನಿ, ಬಿಡೋಕಾಗ್ತಿಲ್ಲ. ಇನ್ನೊಂದು, ಇದನ್ನ ಕೇಳಿದರೆ ಕೆಲವರು ನಡುಗಿಹೋಗ್ತಾರೆ: "ಅಣ್ಣಾ, ದೇವರಿದ್ದಾನೆ ಅಂತ ನನಗೆ ಈಗ ಅನಿಸ್ತಾನೇ ಇಲ್ಲ." ಪ್ರಿಯರೇ, ಸಂದೇಹವನ್ನು ಬಾಯಿಬಿಟ್ಟು ಹೇಳೋ ಮಗು ಇನ್ನೂ ಸಭೆಯ ಒಳಗೇ ಇದೆ. ಅದನ್ನ ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, ನೀವೇ ಹೊರಗೆ ಕಳಿಸಿದ ಹಾಗೆ.

ಈ ಗುಟ್ಟುಗಳು ನಿಮ್ಮವಲ್ಲ. ಮಗುವಿನವು. ಬ್ಯಾಂಕಿನಲ್ಲಿ ಒಡವೆ ಇಟ್ಟ ಹಾಗೆ ನಿಮ್ಮ ಹತ್ತಿರ ಇಟ್ಟಿದ್ದಾರೆ, ಹಾಕಿಕೊಂಡು ಮೆರೆಯೋಕೆ ಅಲ್ಲ. ಇಲ್ಲಿ ನಮ್ಮ ಸಭೆಗಳ ಒಂದು ರೋಗದ ಬಗ್ಗೆ ಬಿಡಿಸಿ ಹೇಳಲೇಬೇಕು. ರೋಮನ್ ಕ್ಯಾಥೊಲಿಕರಲ್ಲಿ ಪಾಪನಿವೇದನೆ ಕೇಳಿದ ಗುರು ಅದನ್ನ ಹೊರಗೆ ಬಿಡುವ ಹಾಗಿಲ್ಲ, ಕಟ್ಟುನಿಟ್ಟಿನ ನಿಯಮ. ನಮ್ಮಲ್ಲಿ ಅಂಥ ಏರ್ಪಾಡು ಇಲ್ಲ. ನಮ್ಮಲ್ಲಿ ಇರೋದು ವಾಟ್ಸಾಪ್ ಪ್ರೇಯರ್ ಗ್ರೂಪ್! "ನಮ್ಮ ಯೂತ್‌ನ ಒಬ್ಬ ಸಿಸ್ಟರ್‌ಗಾಗಿ ಪ್ರಾರ್ಥಿಸಿರಿ, ಹತ್ತನೇ ಕ್ಲಾಸು, ತಪ್ಪು ಸ್ನೇಹದಲ್ಲಿದ್ದಾಳೆ, ಹೆಸರು ಬೇಡ." ಹೆಸರು ಬೇಡವಂತೆ! ನಮ್ಮ ಯೂತ್‌ನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರು ಎಷ್ಟು ಜನ? ಸಂಜೆಯೊಳಗೆ ಹೊಸ ತಿಪ್ಪಸಂದ್ರದ ಮಾರ್ಕೆಟ್‌ನಲ್ಲಿ ತರಕಾರಿ ಕೊಳ್ಳೋಕೆ ಹೋದ ಅವಳ ತಾಯಿಯನ್ನ ಇನ್ನೊಬ್ಬ ಆಂಟಿ ನಿಲ್ಲಿಸಿ, "ನಾವೂ ಪ್ರಾರ್ಥನೆ ಮಾಡ್ತಿದ್ದೀವಿ ಸಿಸ್ಟರ್" ಅಂತಾರೆ. ಇದು ಪ್ರಾರ್ಥನೆ ಅಲ್ಲ, ಚಾಡಿ. ಪ್ರಾರ್ಥನೆ ಮಾಡೋಕೆ ದೇವರಿಗೆ ವಿವರ ಬೇಕಾಗಿಲ್ಲ, ಆತನಿಗೆ ಗೊತ್ತು.

ಇನ್ನೊಂದು ಇದೆ, ಇದು ಇನ್ನೂ ಕೆಟ್ಟದ್ದು. ಹುಡುಗ ಸಿಗರೇಟು ಸೇದುತ್ತಾನೆ ಅಂತ ತಾಯಿ ಮೊದಲೇ ಹೇಳಿರುತ್ತಾರೆ. ಉಪವಾಸ ಪ್ರಾರ್ಥನೆಯಲ್ಲಿ ಲೀಡರ್ ಅವನ ತಲೆ ಮೇಲೆ ಕೈಯಿಟ್ಟು, "ಆತ್ಮನು ನನಗೆ ತೋರಿಸ್ತಿದ್ದಾನೆ, ನಿನ್ನ ಕೈಯಲ್ಲಿ ಹೊಗೆ ಕಾಣ್ತಿದೆ" ಅಂತಾನೆ. ಪ್ರವಾದನೆಯ ವರವನ್ನು ನಾನು ನಂಬ್ತೀನಿ, ನೀವೂ ನಂಬ್ತೀರಿ. ಅದಕ್ಕೇ ಹೇಳ್ತಿರೋದು. ಮಕ್ಕಳು ದಡ್ಡರಲ್ಲ. ಮನೆಗೆ ಹೋಗಿ ಅಮ್ಮನ ಮುಖ ನೋಡಿದರೆ ಅವನಿಗೆ ಅರ್ಥ ಆಗುತ್ತೆ. ಅವತ್ತು ಅವನು ಕಳೆದುಕೊಳ್ಳೋದು ಲೀಡರ್ ಮೇಲಿನ ನಂಬಿಕೆ ಮಾತ್ರ ಅಲ್ಲ, ಪವಿತ್ರಾತ್ಮನು ಮಾತಾಡುತ್ತಾನೆ ಅನ್ನೋ ನಂಬಿಕೆಯನ್ನೂ.

ಹಾಗಾದರೆ ಎಲ್ಲ ಗುಟ್ಟನ್ನೂ ನುಂಗಿಕೊಂಡು ಕೂರಬೇಕಾ? ಎರಡನೇ ಅಧ್ಯಾಯ ಓದಿ. ಅದೇ ಏಲಿಯ ಮಕ್ಕಳು, ಹೊಫ್ನಿ ಮತ್ತು ಫೀನೆಹಾಸ, ಅವರೂ ಯಾಜಕರೇ. ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರನ್ನು ಕೆಡಿಸುತ್ತಿದ್ದರು. 22ನೇ ವಚನ. ಎಲ್ಲಿ? ಸಭೆಯ ಬಾಗಿಲಲ್ಲಿ. ಏಲಿಗೆ ಸುದ್ದಿ ಬಂತು. ಏನು ಮಾಡಿದ? ಬುದ್ಧಿ ಹೇಳಿದ. ಅಷ್ಟೇ. ಅವರನ್ನು ಆ ಕೆಲಸದಿಂದ ತೆಗೆಯಲಿಲ್ಲ. ಮೂರನೇ ಅಧ್ಯಾಯದ 13ರಲ್ಲಿ ದೇವರು ಅವನ ಮೇಲೆ ಹೊರಿಸೋ ದೋಷ ಇದೇ, ಗೊತ್ತಿದ್ದೂ ತಡೆಯಲಿಲ್ಲ. ಪ್ರಾರ್ಥನೆ ಮಾಡ್ತಿದ್ದ ಹೆಂಗಸಿನ ಮೇಲೆ ನೀರು ಸುರಿದವನು, ಮನೆ ಉರಿಯುವಾಗ ಬಕೆಟ್ಟನ್ನು ಮುಟ್ಟಲಿಲ್ಲ.

ಇದು ಹಳೇ ಕಥೆ ಅಂತ ಬಿಡಬೇಡಿ. ಒಂದು ಮಗು, "ಆ ಅಂಕಲ್ ನನ್ನನ್ನ ಮುಟ್ಟುತ್ತಾರೆ" ಅಂದರೆ, ಅಂಕಲ್ ಸಂಬಂಧಿಕರಾಗಿರಲಿ, ಟ್ಯೂಷನ್ ಮೇಷ್ಟ್ರಾಗಿರಲಿ, ಸಭೆಯ ಹಿರಿಯರಾಗಿರಲಿ, ಪಾಸ್ಟರೇ ಆಗಿರಲಿ, ಅದು ನಿಮ್ಮ ಹತ್ತಿರ ಉಳಿಯೋ ಗುಟ್ಟಲ್ಲ. ಪೋಕ್ಸೊ ಕಾಯ್ದೆ 2012ರದ್ದು. ಅದರ 19ನೇ ಸೆಕ್ಷನ್ ಪ್ರಕಾರ, 18 ವರ್ಷದ ಒಳಗಿನ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಇದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ಸಭೆಯ ಹೆಸರು ಹಾಳಾಗುತ್ತೆ, ನಾವೇ ಕೂತು ಬಗೆಹರಿಸೋಣ, ಕ್ಷಮಿಸೋದು ಕ್ರೈಸ್ತ ಗುಣ ಅಲ್ವಾ" ಅಂತ ಯಾರಾದರೂ ಹೇಳಿದರೆ, ಅಬ್ಷಾಲೋಮನು ತಾಮಾರಳಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಅವನು ನಿನ್ನ ಅಣ್ಣ, ಸುಮ್ಮನಿರು. ಆ ಮನೆ ಕೊನೆಗೆ ಏನಾಯಿತು, ಎರಡನೇ ಸಮುವೇಲ 13ರಿಂದ ಮುಂದಕ್ಕೆ ಓದಿಕೊಳ್ಳಿ.

ಪಿಯುಸಿ ಹುಡುಗ ಹುಡುಗಿ ತಮ್ಮ ಇಷ್ಟದಿಂದಲೇ ಮಿತಿ ದಾಟಿದ್ದರೂ ಈ ಕಾನೂನು ಅವರ ತನಕ ಬರುತ್ತೆ. ಇದು ಕಷ್ಟದ ಜಾಗ. ನಮ್ಮ ಕರ್ನಾಟಕ ಹೈಕೋರ್ಟೇ 2022ರಲ್ಲಿ ವಯಸ್ಸಿನ ಮಿತಿಯ ಬಗ್ಗೆ ಮರುಯೋಚನೆ ಮಾಡಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. 2023ರಲ್ಲಿ ಆಯೋಗ, 18 ಅನ್ನೋದನ್ನ ಇಳಿಸೋದು ಬೇಡ ಅಂದಿತು. ಅಂಥ ವಿಷಯ ಬಂದರೆ ನಿಮ್ಮ ಇಪ್ಪತ್ತೆರಡು ವರ್ಷದ ಬುದ್ಧಿಯಲ್ಲಿ ತೀರ್ಮಾನ ಮಾಡಬೇಡಿ, ತಡಮಾಡದೆ ಕಾನೂನು ಬಲ್ಲವರನ್ನು ಕೇಳಿ.

ಇನ್ನೊಂದು ನಿಜವಾದ ಬೆಂಕಿ: "ನನಗೆ ಬದುಕೋಕೆ ಇಷ್ಟ ಇಲ್ಲ." ಎಸ್ಎಸ್ಎಲ್‌ಸಿ ರಿಸಲ್ಟ್ ಬರೋ ವಾರ ಇದನ್ನ ಕೇಳಿದವರು ಇಲ್ಲೇ ಇದ್ದೀರಿ. "ಹಾಗೆಲ್ಲ ಮಾತಾಡಬಾರದು, ಅದು ಪಾಪ" ಅಂತ ಮುಗಿಸಬೇಡಿ. ಸಾಯೋ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿ. ಒಂಟಿಯಾಗಿ ಬಿಡಬೇಡಿ. ಮನೆಯವರಿಗೆ ತಿಳಿಸಿ. ಟೆಲಿ ಮಾನಸ್‌ಗೆ ಕರೆ ಮಾಡಿ, 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಖಿನ್ನತೆ ಬಂದ ಮಗುವಿಗೆ ದೆವ್ವ ಬಿಡಿಸೋಕೆ ಹೊರಡೋರಿಗೆ ಒಂದೇ ಮಾತು: ಕೈಯಿಟ್ಟು ಪ್ರಾರ್ಥನೆ ಮಾಡಿ, ಆಮೇಲೆ ಅದೇ ಕೈ ಹಿಡಿದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಈಗ ಮೊದಲ ಪ್ರಶ್ನೆಗೆ ಬರೋಣ. ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡ್ತೀರಾ? ಮಾಡಬೇಡಿ. ಕೇಳೋ ಮೊದಲೇ ಹೇಳಿಬಿಡಿ: "ನಾನು ಸುಮ್ಮನೆ ಯಾರಿಗೂ ಹೇಳಲ್ಲ. ಆದರೆ ನಿನಗೋ ಇನ್ನೊಬ್ಬರಿಗೋ ಅಪಾಯ ಇದ್ದರೆ ಹೇಳಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ, ನಿನ್ನ ಜೊತೆಗೇ ಬರ್ತೀನಿ." ಹಾಗಂದರೆ ಅವಳು ಬಾಯೇ ಬಿಡಲ್ಲ ಅಂತೀರಾ? ಕೆಲವರು ಬಿಡಲ್ಲ, ನಿಜ. ಆದರೂ ಮುರಿಯಲೇಬೇಕಾದ ಮಾತು ಕೊಟ್ಟು ಗುಟ್ಟು ತೆಗೆಸೋದು ಮೋಸ. ಮೋಸದಿಂದ ಮಗುವನ್ನ ಉಳಿಸಿದರೂ, ಅದು ಇನ್ನೊಬ್ಬ ದೊಡ್ಡವರನ್ನ ನಂಬೋದಿಲ್ಲ.

ಮಗು ನಿಮಗೆ ಗುಟ್ಟು ಹೇಳಬಹುದು. ನೀವು ಮಗುವಿಗೆ ಗುಟ್ಟು ಕೊಡಬಾರದು. "ಇದು ನಮ್ಮಿಬ್ಬರ ಮಧ್ಯೆ ಇರಲಿ, ಅಮ್ಮನಿಗೆ ಹೇಳಬೇಡ" ಅನ್ನೋದು ಮಕ್ಕಳನ್ನ ಕೆಡಿಸೋರ ಮಾತು. ಒಳ್ಳೆಯ ಲೀಡರ್ ಬಾಯಲ್ಲಿ ಅದು ಬರಲೇಬಾರದು, ಬರ್ತ್‌ಡೇ ಸರ್‌ಪ್ರೈಸ್ ಬಿಟ್ಟರೆ! ಬಾಗಿಲು ಹಾಕಿದ ರೂಮಿನಲ್ಲಿ ಒಬ್ಬರೇ ಕೂತು ಕೌನ್ಸೆಲಿಂಗ್ ಬೇಡ. ರಾತ್ರಿ ಹನ್ನೊಂದಕ್ಕೆ ಇನ್‌ಸ್ಟಾಗ್ರಾಮ್‌ನಲ್ಲಿ ಹಿತವಚನವೂ ಬೇಡ.

ತಂದೆತಾಯಿಗಳೇ, ನಿಮ್ಮ ಭಯ ನನಗೆ ಅರ್ಥ ಆಗುತ್ತೆ. ಇಬ್ಬರೂ ಕೆಲಸಕ್ಕೆ ಹೋಗಿ ಮನೆಗೆ ಬರೋದು ಎಂಟು ಗಂಟೆಗೆ, ಮಗು ಬಾಗಿಲು ಹಾಕಿಕೊಂಡು ಫೋನ್ ಹಿಡಿದು ಕೂತಿರುತ್ತೆ. ಅದಕ್ಕೇ ಯೂತ್ ಲೀಡರ್ ಹತ್ತಿರ ಬಂದು, "ಅವಳು ನಿಮ್ಮ ಹತ್ತಿರ ಏನು ಹೇಳಿದಳು? ಅವಳ ಇನ್‌ಸ್ಟಾ ಸ್ವಲ್ಪ ನೋಡ್ತಾ ಇರಿ" ಅಂತೀರಿ. ತಂದೆತಾಯಿಯನ್ನು ಸನ್ಮಾನಿಸು ಅನ್ನೋ ಆಜ್ಞೆ ಇದೆ, ಅದನ್ನ ಯಾವ ಲೀಡರೂ ಸಡಿಲ ಮಾಡೋ ಹಾಗಿಲ್ಲ. ಮನೆಯಲ್ಲಿ ಹೇಳು ಅಂತ ಮಗುವಿಗೆ ಧೈರ್ಯ ಹೇಳೋದು, ಬೇಕಿದ್ದರೆ ಪಕ್ಕದಲ್ಲಿ ಕೂರೋದು ಅವರ ಕೆಲಸ. ಆದರೆ ಅವರನ್ನ ಗೂಢಚಾರರನ್ನಾಗಿ ಮಾಡಬೇಡಿ. ನಿಮ್ಮ ಮಗಳು ನಿಮಗೆ ಹೇಳದ ವಿಷಯವನ್ನ ಒಬ್ಬ ಒಳ್ಳೆ ಅಕ್ಕನಿಗೆ ಹೇಳಿದಳು ಅಂದರೆ, ಹೇಳೋಕೆ ಒಬ್ಬರಾದರೂ ಸಿಕ್ಕರಲ್ಲ ಅಂತ ಸ್ತೋತ್ರ ಹೇಳಿ. ಬೇಜಾರಾಗುತ್ತೆ, ಆಗಲಿ.

ಕೊನೆಗೆ ಸಮುವೇಲ. ಆ ರಾತ್ರಿ ಹುಡುಗನಿಗೆ ದೇವರು ಹೇಳಿದ್ದು ಏಲಿಯ ಮನೆಯ ನ್ಯಾಯತೀರ್ಪನ್ನೇ. ಬೆಳಿಗ್ಗೆ ಎದ್ದು ಎಂದಿನ ಹಾಗೆ ಆಲಯದ ಬಾಗಿಲುಗಳನ್ನ ತೆರೆದ. ಏನೂ ಆಗದವನ ಹಾಗೆ. ನಮ್ಮ ಮಕ್ಕಳೂ ಹೀಗೇ, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಬಂದು ಕೀಬೋರ್ಡ್ ನುಡಿಸಿ ಹೋಗ್ತಾರೆ. ಹೇಳೋಕೆ ಅವನಿಗೆ ಭಯ. ಏಲಿ ಅವನನ್ನ "ನನ್ನ ಮಗನೇ" ಅಂತ ಕರೆದು, ಏನನ್ನೂ ಮುಚ್ಚಿಡಬೇಡ ಅಂದ. ತನ್ನ ವಿರುದ್ಧವೇ ಇರಬಹುದು ಅಂತ ಅವನಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು ಅಂತಲೇ ನನಗನಿಸುತ್ತೆ. ಹುಡುಗ ಎಲ್ಲ ಹೇಳಿದ. ಏಲಿ ಕೋಪಿಸಿಕೊಳ್ಳಲಿಲ್ಲ, ಸುಳ್ಳು ಅನ್ನಲಿಲ್ಲ, ಹುಡುಗನನ್ನ ಹೊರಗೆ ಹಾಕಲಿಲ್ಲ. ದೇವರ ಮಾತು ಅಂತ ಒಪ್ಪಿಕೊಂಡ.

ನಮ್ಮ ಬಗ್ಗೆಯೇ ಮಕ್ಕಳಿಗೆ ಏನಾದರೂ ಹೇಳೋದಿದ್ದರೆ? ಈ ಸಭೆಯ ಬಗ್ಗೆ, ನನ್ನ ಬಗ್ಗೆ? ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಯಾರಿಗಾದರೂ ಮಾತಾಡಬೇಕು ಅನಿಸಿದರೆ ಪಾಸ್ಟರ್ ಅಮ್ಮ ಮತ್ತು ಇಬ್ಬರು ಅಕ್ಕಂದಿರು ಹಿಂದಿನ ಸಾಲಿನಲ್ಲಿ ಇರುತ್ತಾರೆ. ಇಲ್ಲಿ ಯಾರಿಗೂ ಹೇಳೋಕಾಗಲ್ಲ ಅನಿಸಿದರೆ 1098, ಮಕ್ಕಳ ಸಹಾಯವಾಣಿ, ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ನಾವು ಕಾಯ್ತೀವಿ.