ಕೊರಳಿಗೆ ನೊಗ, ಹೊಳೆಗೆ ಸುರುಳಿ

ಕ್ರಿ.ಪೂ. 594ರ ಸುಮಾರು. ಯೆಹೂದದ ಅರಸ ಚಿದ್ಕೀಯನ ಬಳಿಗೆ ಎದೋಮ್, ಮೋವಾಬ್, ಅಮ್ಮೋನ್, ತೂರ್, ಸೀದೋನ್‌ಗಳ ರಾಯಭಾರಿಗಳು ಬಂದಿದ್ದರು. ಬಾಬೆಲಿನ ನೆಬೂಕದ್ನೆಚ್ಚರನ ವಿರುದ್ಧ ಎಲ್ಲರೂ ಸೇರಿ ತಿರುಗಿಬೀಳುವ ಆಲೋಚನೆ ನಡೆದಿರಬೇಕು. ಆಗ ಪ್ರವಾದಿ ಯೆರೆಮೀಯ ಎತ್ತಿಗೆ ಹೂಡುವ ನೊಗವನ್ನು ತನ್ನ ಕೊರಳಿಗೆ ಕಟ್ಟಿಕೊಂಡು ನಿಂತ. ಭೂಮಿಯನ್ನು ಉಂಟುಮಾಡಿದ ದೇವರು ಅದನ್ನು ತನಗೆ ಸರಿತೋರಿದವರಿಗೆ ಕೊಡುತ್ತಾನೆ, ಈಗ ಬಾಬೆಲಿನವನಿಗೆ ಕೊಟ್ಟಿದ್ದಾನೆ, ಅವನಿಗೆ ತಲೆಬಾಗಿ ಬದುಕಿಕೊಳ್ಳಿ ಎಂದ. ಸಾಲದ್ದಕ್ಕೆ, ಆ ಪರದೇಶದ ಅರಸನನ್ನು ದೇವರು ತನ್ನ ಸೇವಕನೆಂದು ಕರೆದಿದ್ದಾನೆ ಎಂದೂ ಸಾರಿದ. ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲೇ, ಜನರ ಕಣ್ಣೆದುರಿಗೇ, ಆ ನೊಗವನ್ನು ಕಿತ್ತು ಮುರಿದುಹಾಕಿದ. ಎರಡೇ ವರ್ಷದಲ್ಲಿ ಬಾಬೆಲಿನ ಹಿಡಿತವೂ ಹೀಗೆಯೇ ಮುರಿಯುತ್ತದೆ ಎಂದ. ಕೇಳುವವರಿಗೆ ಹಿತವಾಗಿದ್ದದ್ದು ಅವನ ಮಾತೇ.

ಯೆರೆಮೀಯ ಶತ್ರುವಿನ ಪಕ್ಷದವನೆಂದು ಯಾರಿಗಾದರೂ ಅನ್ನಿಸೀತು. ಮುಂದೆ ಅದೇ ಆರೋಪದ ಮೇಲೆ ಅವನನ್ನು ಸೆರೆಗೂ ಹಾಕಿದರು. ಆದರೆ ನೊಗ ಹೊತ್ತ ಅದೇ ವರ್ಷ, ಚಿದ್ಕೀಯನ ಆಳ್ವಿಕೆಯ ನಾಲ್ಕನೆಯ ವರ್ಷದಲ್ಲಿ, ಯೆರೆಮೀಯ ಇನ್ನೊಂದು ಕೆಲಸ ಮಾಡಿದ. ಬಾಬೆಲಿಗೆ ಬರಲಿರುವ ಕೇಡನ್ನೆಲ್ಲ ಒಂದು ಸುರುಳಿಯಲ್ಲಿ ಬರೆದು, ಅರಸನ ಜೊತೆ ಅಲ್ಲಿಗೆ ಹೊರಟಿದ್ದ ಸೆರಾಯನೆಂಬವನ ಕೈಗೆ ಕೊಟ್ಟ. ಅಲ್ಲಿ ಗಟ್ಟಿಯಾಗಿ ಓದಿ, ಕಲ್ಲು ಕಟ್ಟಿ ಯೂಫ್ರೆಟಿಸ್ ಹೊಳೆಗೆ ಎಸೆದುಬಿಡು, ಬಾಬೆಲೂ ಹೀಗೆಯೇ ಮುಳುಗುತ್ತದೆ ಎಂದು ಹೇಳಿಕಳಿಸಿದ.

ನೊಗವನ್ನೂ ಸುರುಳಿಯನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ, ಅರಸರ ಮೇಲೆ ದೇವರ ಸಾರ್ವಭೌಮತ್ವ ಎಂದು ಬೈಬಲಿನ ಪ್ರವಾದಿಗಳು ಹೇಳಿದ್ದೇನು ಎಂಬುದು ತಿಳಿಯುವುದು. ಅಧಿಕಾರ ದೇವರು ಕೊಟ್ಟದ್ದು ಎಂಬ ಮಾತನ್ನು ಸಿಂಹಾಸನದಲ್ಲಿ ಕೂತವರು ಎಷ್ಟೋ ಸಲ ತಮ್ಮ ರಕ್ಷಣೆಗೆ ಬಳಸಿಕೊಂಡಿದ್ದಾರೆ. ಪ್ರವಾದಿಗಳ ಬಾಯಲ್ಲಿ ಅದು ಅಧಿಕಾರಕ್ಕೆ ಹಾಕಿದ ಗಡುವು. ಕೊಟ್ಟವನು ಕಿತ್ತುಕೊಳ್ಳಲೂ ಬಲ್ಲ, ಲೆಕ್ಕವನ್ನೂ ಕೇಳಬಲ್ಲ.

ಇಲ್ಲೊಂದು ಕಠಿಣ ಪ್ರಶ್ನೆ ಏಳುತ್ತದೆ. ಅರಸನು ದೇವರ ಕೈಯ ಆಯುಧವಾದರೆ ಅವನ ಕ್ರೌರ್ಯಕ್ಕೆ ಹೊಣೆ ಯಾರು? ಯೆಶಾಯನ ಗ್ರಂಥದ ಹತ್ತನೆಯ ಅಧ್ಯಾಯ ಇದಕ್ಕೆ ನೇರವಾಗಿ ಮುಖಾಮುಖಿಯಾಗುತ್ತದೆ. ದೇವರು ಅಶ್ಶೂರವನ್ನು ದಂಡನೆಯ ಕೋಲಾಗಿ ಕಳಿಸಿದ್ದು ನಿಜ. ಆದರೆ ಅಶ್ಶೂರದ ಅರಸನ ಮನಸ್ಸಿನಲ್ಲಿದ್ದದ್ದು ಬೇರೆ. ನಾಡುಗಳನ್ನು ನಿರ್ನಾಮ ಮಾಡಬೇಕು, ಎಲ್ಲವೂ ತನ್ನ ತೋಳ್ಬಲದಿಂದಲೇ ಆಯಿತು ಎನ್ನಬೇಕು. ಒಂದೇ ಕೃತ್ಯದಲ್ಲಿ ಎರಡು ಉದ್ದೇಶಗಳು. ದೇವರು ವಿಚಾರಣೆ ಮಾಡುವುದು ಅರಸನ ಉದ್ದೇಶವನ್ನು. ಬೀಸುವ ಕೈಯನ್ನು ಮರೆತು ಬೀಗುವ ಕೊಡಲಿಗೆ ಯೆಶಾಯ ಅವನನ್ನು ಹೋಲಿಸುತ್ತಾನೆ. ತರ್ಕದ ಗಂಟು ಇದರಿಂದ ಪೂರ್ತಿ ಬಿಚ್ಚಿತೆಂದು ನಾನು ಹೇಳಲಾರೆ. ಆದರೆ ಮೇಲಿನ ಆಜ್ಞೆಯ ನೆಪ ಹೇಳಿ ತಪ್ಪಿಸಿಕೊಳ್ಳುವ ದಾರಿಯನ್ನಂತೂ ಅದು ಮುಚ್ಚಿಬಿಡುತ್ತದೆ.

ಪಾರಸಿಯ ಕೋರೆಷನ ವಿಷಯ ಇನ್ನೂ ವಿಚಿತ್ರ. ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಅವನನ್ನು ಯೆಶಾಯನ ಗ್ರಂಥ ಯೆಹೋವನ ಅಭಿಷಿಕ್ತನೆಂದೇ ಕರೆಯುತ್ತದೆ, ಅವನಿಗೆ ಯೆಹೋವನ ಪರಿಚಯವೇ ಇಲ್ಲವೆಂದೂ ಹೇಳುತ್ತದೆ. 1879ರಲ್ಲಿ ಬಾಬೆಲಿನಲ್ಲಿ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಜೇಡಿಮಣ್ಣಿನ ಶಾಸನದಲ್ಲಿ ಕೋರೆಷ ತನ್ನನ್ನು ಆರಿಸಿದವನು ಮರ್ದೂಕ್ ದೇವರೆನ್ನುತ್ತಾನೆ. ಪ್ರವಾದಿಯ ದೃಷ್ಟಿಯಲ್ಲಿ ಇದೇನೂ ಅಡ್ಡಿಯಲ್ಲ. ದೇವರ ಆಳ್ವಿಕೆ ನಡೆಯಲು ಅರಸನ ಒಪ್ಪಿಗೆಯೂ ಬೇಕಿಲ್ಲ, ನಂಬಿಕೆಯೂ ಬೇಕಿಲ್ಲ.

ದಾನಿಯೇಲನ ಗ್ರಂಥದಲ್ಲಿ ಈ ವಿಚಾರ ಕಥೆಯಾಗುತ್ತದೆ. ಆಕಾಶ ಮುಟ್ಟುವ ಮರವೊಂದು ಕಡಿದುಬಿದ್ದ ಕನಸು ಕಂಡ ನೆಬೂಕದ್ನೆಚ್ಚರನಿಗೆ ದಾನಿಯೇಲ ಬರೀ ಭವಿಷ್ಯ ಹೇಳಿ ಸುಮ್ಮನಾಗಲಿಲ್ಲ. ನ್ಯಾಯದಿಂದ ನಡೆ, ಬಡವರಿಗೆ ಕರುಣೆ ತೋರು, ಆಗ ನಿನ್ನ ನೆಮ್ಮದಿ ಉಳಿದೀತು ಎಂದ. ಹನ್ನೆರಡು ತಿಂಗಳು ಕಳೆದವು. ಅರಸ ಅರಮನೆಯ ಮೇಲೆ ತಿರುಗಾಡುತ್ತ, ಈ ಮಹಾನಗರವನ್ನು ಕಟ್ಟಿದವನು ತಾನೇ ಅಲ್ಲವೇ ಎಂದು ಹೆಮ್ಮೆಪಟ್ಟ. ಅವನ ಹೆಸರೊತ್ತಿದ ಇಟ್ಟಿಗೆಗಳು ಇಂದಿಗೂ ರಾಶಿರಾಶಿ ಸಿಗುತ್ತವೆ. ಮಾತು ಮುಗಿಯುವ ಮೊದಲೇ ಬುದ್ಧಿ ಕೆಟ್ಟು ದನದಂತೆ ಹುಲ್ಲು ಮೇಯುವ ಗತಿ ಬಂತು. ತನ್ನ ಮೇಲೊಬ್ಬನಿದ್ದಾನೆಂದು ಒಪ್ಪಿಕೊಂಡಾಗ ಬುದ್ಧಿಯೂ ರಾಜ್ಯವೂ ಮರಳಿದವು.

ಈ ಗ್ರಂಥ ಈಗಿನ ರೂಪ ಪಡೆದದ್ದು ಕ್ರಿ.ಪೂ. ಎರಡನೆಯ ಶತಮಾನದಲ್ಲಿ, ಅರಸ ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದ್ದ ದಿನಗಳಲ್ಲಿ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅಂಥ ಹೊತ್ತಿನಲ್ಲಿ ಇದನ್ನು ಕೇಳಿದವರಿಗೆ ಹುಲ್ಲು ಮೇಯುವ ಅರಸ ಯಾರೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.